ನಗೆಪಾಟಲಾದವರ ಜೀವನಚರಿತ್ರೆ: 'ನೈಜ ಕಥೆ' ಸಿನಿಮಾ ಬರೆಯುವ ಒಂದು ಜೋಡಿಯ ಕಸುಬು

ಸಿನಿಮಾ ಮುಗಿದ ಕೂಡಲೇ ರಿಮೋಟ್‌ಗೆ ಕೈ ಹಾಕುವ ಬದಲು, ಹೆಸರುಗಳು ಮೇಲಕ್ಕೆ ಓಡುವಾಗ ಒಮ್ಮೆ ನಿಲ್ಲಿಸಿ ನೋಡಿ. ಹಾಲಿವುಡ್ ಚಿತ್ರವಾದರೆ, ಬರೆದವರ ಹೆಸರುಗಳ ನಡುವೆ ಕೆಲವೊಮ್ಮೆ 'ಆ್ಯಂಡ್' ಎಂದು ಅಕ್ಷರಗಳಲ್ಲಿ ಇರುತ್ತದೆ, ಕೆಲವೊಮ್ಮೆ '&' ಎಂಬ ತಿರುಚು ಗುರುತು ಇರುತ್ತದೆ. ನಾವು ಎರಡನ್ನೂ 'ಮತ್ತು' ಎಂದೇ ಓದಿಕೊಂಡು ಮುಂದೆ ಹೋಗುತ್ತೇವೆ. ಅಲ್ಲಿಯವರಿಗೆ ಹಾಗಲ್ಲ. ಆ ಒಂದು ಗುರುತಿನ ಮೇಲೆ ದುಡ್ಡು, ಹೆಸರು, ಒಮ್ಮೊಮ್ಮೆ ದೊಡ್ಡ ಪಂಚಾಯಿತಿಯೇ ನಿಂತಿರುತ್ತದೆ.

ಸ್ಕಾಟ್ ಅಲೆಕ್ಸಾಂಡರ್ ಮತ್ತು ಲ್ಯಾರಿ ಕರಜೆವ್‌ಸ್ಕಿ ಎಂಬ ಇಬ್ಬರ ಹೆಸರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ತಿರುಚು ಗುರುತಿನ ಎರಡು ಬದಿಯಲ್ಲಿ ಬರುತ್ತಿದೆ. ಇವರ ಪಾಲಿಗೆ ಒಲಿದದ್ದು ವಿಚಿತ್ರ ಮನುಷ್ಯರ ನಿಜ ಕಥೆಗಳು. ಒಟಿಟಿ ತೆರೆದರೆ ಸಾಕು, 'ನೈಜ ಘಟನೆಗಳನ್ನು ಆಧರಿಸಿದೆ' ಎಂಬ ಫಲಕ ಎದುರಾಗುವ ಕಾಲ ಇದು. ಅರ್ಧ ಸಿನಿಮಾಕ್ಕೇ ಫೋನ್ ತೆಗೆದು 'ಇದು ನಿಜವಾಗಿ ನಡೆದದ್ದಾ?' ಎಂದು ಹುಡುಕುವುದು ಮನೆಮನೆಯ ಅಭ್ಯಾಸವಾಗಿದೆ. ಅಂಥ ಕಥೆ ಹೇಗೆ ಬರೆಯುತ್ತಾರೆ, ಯಾರ ಅನುಮತಿ ಬೇಕು, ಎಷ್ಟು ನಿಜ ಎಷ್ಟು ಕಟ್ಟುಕಥೆ ಎಂಬುದನ್ನು ಈ ಜೋಡಿಯ ಕೆಲಸದ ಮೂಲಕ ನೋಡಿದರೆ ಬೇಗ ತಿಳಿಯುತ್ತದೆ.

ಬೈಟು ಕಾಫಿಯ ಲೆಕ್ಕ

ಮೊದಲು ಗುರುತಿನ ವಿಷಯ ಮುಗಿಸೋಣ. ಅಮೆರಿಕದಲ್ಲಿ ಚಿತ್ರಕಥೆ ಬರೆಯುವವರಿಗೆ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ಎಂಬ ಕಾರ್ಮಿಕ ಸಂಘವಿದೆ. ಅದರ ನಿಯಮದಂತೆ '&' ಇದ್ದರೆ ಇಬ್ಬರೂ ಜೊತೆಯಾಗಿ ಬರೆದವರು ಎಂದರ್ಥ. 'ಆ್ಯಂಡ್' ಎಂದು ಅಕ್ಷರಗಳಲ್ಲಿ ಇದ್ದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಆಮೇಲೆ ತಿದ್ದಿ ಬರೆದಿದ್ದಾರೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲೇಬೇಕೆಂದಿಲ್ಲ. ಯಾರ ಹೆಸರು ಬರಬೇಕೆಂದು ಜಗಳ ಬಿದ್ದರೆ ಸಂಘದ ಮೂವರು ಬರಹಗಾರರು ಎಲ್ಲ ಕರಡುಗಳನ್ನೂ ಓದಿ ತೀರ್ಪು ಕೊಡುತ್ತಾರೆ. ಅವರ ಕೈಗೆ ಬರುವ ಪ್ರತಿಗಳಲ್ಲಿ ಬರೆದವರ ಹೆಸರು ಇರುವುದಿಲ್ಲ.

ಜೋಡಿಗೆ ಸಿಗುವ ಸಂಬಳವೆಷ್ಟು? ಒಬ್ಬರದ್ದು. ಸಂಘದ ಲೆಕ್ಕದಲ್ಲಿ ಜೋಡಿ ಎಂದರೆ ಒಂದೇ ಘಟಕ, ಬಂದ ಹಣವನ್ನು ಹಂಚಿಕೊಳ್ಳಬೇಕು. ನಮ್ಮ ದರ್ಶಿನಿಗಳ ಬೈಟು ಕಾಫಿ ಇದ್ದ ಹಾಗೆ: ಲೋಟ ಎರಡು, ಬಿಲ್ಲು ಒಂದು. ಇದರಿಂದ ಆಗುತ್ತಿದ್ದ ಒಂದು ಅನ್ಯಾಯವೆಂದರೆ, ಪಿಂಚಣಿ ಮತ್ತು ಆರೋಗ್ಯ ವಿಮೆಗೆ ಕಂಪನಿ ಕಟ್ಟುವ ಹಣವೂ ಹಾಗೇ ಇಬ್ಬರ ನಡುವೆ ಹರಿದು ಹಂಚಿಹೋಗುತ್ತಿತ್ತು. ಕಾಯಿಲೆ ಮಾತ್ರ ಅರ್ಧರ್ಧ ಬರುವುದಿಲ್ಲವಲ್ಲ! 2023ರ ಮೇ 2ರಿಂದ 148 ದಿನ ನಡೆದ ಬರಹಗಾರರ ಮುಷ್ಕರದ ನಂತರದ ಒಪ್ಪಂದದಲ್ಲಿ, ಜೋಡಿಯಲ್ಲಿರುವ ಪ್ರತಿಯೊಬ್ಬರನ್ನೂ ಒಂಟಿ ಬರಹಗಾರರಂತೆ ಪರಿಗಣಿಸಿ ಆ ಹಣ ಕಟ್ಟಬೇಕೆಂದು ತೀರ್ಮಾನವಾಯಿತು. ಕೃತಕ ಬುದ್ಧಿಮತ್ತೆಯ ಗದ್ದಲದಲ್ಲಿ ಈ ಸುದ್ದಿ ಯಾರ ಕಣ್ಣಿಗೂ ಹೆಚ್ಚು ಬೀಳಲಿಲ್ಲ.

ಜೋಡಿ ಹೆಸರು ನಮಗೇನು ಹೊಸದಲ್ಲ. ಸಂಗೀತಕ್ಕೆ ರಾಜನ್-ನಾಗೇಂದ್ರ, ನಿರ್ದೇಶನಕ್ಕೆ ದೊರೈ-ಭಗವಾನ್. ಬರವಣಿಗೆಯ ಜೋಡಿ ಎಂದರೆ ಸಲೀಂ-ಜಾವೇದ್. 1976ರಲ್ಲಿ ಬಂದ ರಾಜಕುಮಾರ್ ಅವರ 'ಪ್ರೇಮದ ಕಾಣಿಕೆ' ಮತ್ತು 'ರಾಜ ನನ್ನ ರಾಜ' ಚಿತ್ರಗಳ ಕಥೆ ಇವರದ್ದೇ ಎಂಬುದು ಎಷ್ಟೋ ಅಭಿಮಾನಿಗಳಿಗೆ ಇವತ್ತಿಗೂ ಗೊತ್ತಿಲ್ಲ.

ಕೆಟ್ಟ ವಿಮರ್ಶೆಯಿಂದ ಹುಟ್ಟಿದ ದಾರಿ

ಅಲೆಕ್ಸಾಂಡರ್ ಲಾಸ್ ಏಂಜಲಿಸ್‌ನವರು, ಕರಜೆವ್‌ಸ್ಕಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನವರು. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ಸಿನಿಮಾ ಶಾಲೆಯಲ್ಲಿ ಓದುವಾಗ ಹಾಸ್ಟೆಲಿನ ಒಂದೇ ರೂಮಿಗೆ ಬಿದ್ದರು. ಅಲ್ಲಿಂದ ಜೊತೆ ಬರವಣಿಗೆ.

ಇವರಿಗೆ ಮೊದಲು ಹೆಸರು ತಂದದ್ದು 1990ರ 'ಪ್ರಾಬ್ಲಂ ಚೈಲ್ಡ್'. ದತ್ತು ತಂದ ಹುಡುಗ ಮನೆಯನ್ನೇ ಎಬ್ಬಿಸಿ ಕುಣಿಸುವ ಕಥೆ. ಅದರ ಬೀಜವೂ ಪತ್ರಿಕೆಯಲ್ಲಿ ಬಂದ ನಿಜ ಸುದ್ದಿಯೇ: ಮಗುವಿನ ಹಿನ್ನೆಲೆ ಮುಚ್ಚಿಟ್ಟು ದತ್ತು ಕೊಟ್ಟರೆಂದು ಪೋಷಕರು ಕೋರ್ಟಿಗೆ ಹೋದ ಪ್ರಕರಣ. ದೊಡ್ಡವರಿಗಾಗಿ ಕಹಿ ಹಾಸ್ಯ ಬರೆಯಬೇಕೆಂದು ಇವರು ಹೊರಟರೆ, ಕೊನೆಗೆ ತೆರೆಗೆ ಬಂದದ್ದು ಮಕ್ಕಳ ಗಲಾಟೆ ಸಿನಿಮಾ. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಚಿತ್ರ ದುಡ್ಡು ಮಾಡಿತು, ಮರುವರ್ಷವೇ ಎರಡನೇ ಭಾಗ ಬಂತು, ಇವರ ಮೇಲೆ 'ಮಕ್ಕಳ ತರಲೆ ಸಿನಿಮಾ ಬರೆಯುವವರು' ಎಂಬ ಮುದ್ರೆ ಬಿತ್ತು. ಗಂಭೀರ ಕೆಲಸಕ್ಕೆ ಯಾರೂ ಕರೆಯಲಿಲ್ಲ.

ಆಗ ಇವರಿಗೆ ಕಾಲೇಜು ದಿನಗಳಿಂದ ತಲೆಯಲ್ಲಿದ್ದ ಒಬ್ಬ ಮನುಷ್ಯ ನೆನಪಾದ. ಎಡ್ ವುಡ್. 1950ರ ದಶಕದಲ್ಲಿ ಅಗ್ಗದ ಭಯಾನಕ ಚಿತ್ರ ತೆಗೆದವನು, 1978ರಲ್ಲಿ ಕುಡಿದು ಕುಡಿದು ಬಡತನದಲ್ಲಿ ಸತ್ತವನು. ಸತ್ತ ಮೇಲೆ 'ಸಾರ್ವಕಾಲಿಕ ಅತಿ ಕೆಟ್ಟ ನಿರ್ದೇಶಕ' ಎಂಬ ಅಣಕು ಬಿರುದು ಕೊಟ್ಟು ಜನ ನಕ್ಕರು. ಎಲ್ಲರ ಬಾಯಲ್ಲೂ ಬೈಸಿಕೊಂಡ ಇಬ್ಬರು ಬರಹಗಾರರಿಗೆ ಅವನ ಮೇಲೆ ಒಂಥರಾ ನೆಂಟಸ್ತಿಕೆ ಹುಟ್ಟಿದ್ದು ಸಹಜ. ಹತ್ತು ಪುಟದ ಕಥಾಸಾರಾಂಶ ಬರೆದರು. ಯೋಜನೆ ನಿರ್ದೇಶಕ ಟಿಮ್ ಬರ್ಟನ್ ಕೈಗೆ ಹೋದಾಗ ಬೇಗ ಪೂರ್ತಿ ಚಿತ್ರಕಥೆ ಬೇಕಾಯಿತು. ಆರು ವಾರದಲ್ಲಿ 147 ಪುಟ ಬರೆದು ಕೊಟ್ಟರು. ಚಿತ್ರಕಥೆಯ ಒಂದು ಪುಟ ಎಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಅಲ್ಲಿನ ಅಂದಾಜು. ಬರ್ಟನ್ ಅದನ್ನು ಓದಿ, ಇದೇ ಇರಲಿ ಎಂದು ಒಪ್ಪಿಕೊಂಡ. ಮೊದಲ ಕರಡೇ ಶೂಟಿಂಗ್‌ಗೆ ಹೋಗುವುದು ಹಾಲಿವುಡ್‌ನಲ್ಲಿ ಅಪರೂಪದಲ್ಲಿ ಅಪರೂಪ.

ಇಡೀ ಮಹಾಭಾರತ ಬೇಡ, ಒಂದು ಪ್ರಸಂಗ ಸಾಕು

ವ್ಯಕ್ತಿಯ ಜೀವನ ಹೇಳುವ ಸಿನಿಮಾಕ್ಕೆ ಬಯೋಪಿಕ್ ಎನ್ನುತ್ತಾರೆ. ಅದರ ಹಳೆಯ ಸೂತ್ರ ತೊಟ್ಟಿಲಿನಿಂದ ಚಟ್ಟದವರೆಗೆ. ಬಾಲ್ಯದಲ್ಲೊಂದು ನೋವು, ಯೌವನದಲ್ಲೊಂದು ಹಟ, ನಡುವೆ ಒಂದು ಪತನ, ಕೊನೆಗೆ ಎದ್ದು ನಿಂತ ಸಭೆಯ ಚಪ್ಪಾಳೆ. ಶ್ರದ್ಧಾಂಜಲಿ ಸಭೆಯ ಭಾಷಣದಂತೆ, ಸತ್ತವರ ಒಂದು ಕೆಟ್ಟ ಗುಣವೂ ಅಲ್ಲಿ ಹೊರಬರುವುದಿಲ್ಲ.

ಅಲೆಕ್ಸಾಂಡರ್, ಕರಜೆವ್‌ಸ್ಕಿ ಇದನ್ನು ಎರಡು ಕಡೆಯಿಂದ ಉಲ್ಟಾ ಮಾಡಿದರು. ಒಂದು, ಗಾಂಧಿಯಂಥವರನ್ನು ಬಿಟ್ಟು, ಜನ್ಮದಲ್ಲಿ ಯಾರೂ ಪ್ರತಿಮೆ ನಿಲ್ಲಿಸದ ಮನುಷ್ಯನನ್ನು ಆರಿಸುವುದು. ಎರಡು, ಬದುಕಿನ ಒಂದು ತುಂಡನ್ನಷ್ಟೇ ಕತ್ತರಿಸಿಕೊಳ್ಳುವುದು.

ಎರಡನೆಯದು ಕನ್ನಡಿಗರಿಗೆ ವಿವರಿಸುವುದೇ ಬೇಕಿಲ್ಲ. ಯಕ್ಷಗಾನದ ಭಾಗವತರು ಒಂದು ರಾತ್ರಿಯಲ್ಲಿ ಇಡೀ ಮಹಾಭಾರತ ಆಡಿಸುವುದಿಲ್ಲ, ಒಂದು ಪ್ರಸಂಗ ಎತ್ತಿಕೊಳ್ಳುತ್ತಾರೆ. ರನ್ನ ಸಾವಿರ ವರ್ಷದ ಹಿಂದೆ ಭೀಮ-ದುರ್ಯೋಧನರ ಕೊನೆಯ ಗದಾಯುದ್ಧವೊಂದನ್ನು ಹಿಡಿದು, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನದಲ್ಲಿ ಹೇಳಿದ. ಅದರಲ್ಲೂ ಸೋಲುವವನ ಪಕ್ಕದಲ್ಲಿ ನಿಂತು ಬರೆದ ಭಾಗಗಳೇ ಓದುಗರ ಮನಸ್ಸಿನಲ್ಲಿ ಉಳಿದವು.

'ಎಡ್ ವುಡ್' ಚಿತ್ರದಲ್ಲೂ ಹಾಗೇ. ಅವನ ಬಾಲ್ಯವಿಲ್ಲ, ಕುಡಿತದ ಕೊನೆಯ ವರ್ಷಗಳಿಲ್ಲ. 1950ರ ದಶಕದ ಕೆಲವೇ ವರ್ಷಗಳು, ಅವನಿಗೂ ಮುದುಕನಾಗಿ ಮೂಲೆಗುಂಪಾಗಿದ್ದ ನಟ ಬೇಲಾ ಲುಗೋಸಿಗೂ ಬೆಳೆದ ಸ್ನೇಹ, ಅಷ್ಟೇ. ಒಂದು ಸಂಗತಿಯನ್ನು ಹತ್ತಿರದಿಂದ ನೋಡಿ. 1956ರಲ್ಲಿ ಲುಗೋಸಿ ತೀರಿಕೊಂಡಾಗ ವುಡ್ ಬಳಿ ಅವನ ಕೆಲವು ನಿಮಿಷಗಳ ಮೂಕ ಚಿತ್ರಿಕೆ ಮಾತ್ರ ಇತ್ತು. ಬಿಡಲಿಲ್ಲ. ಅದನ್ನೇ ಹೊಸ ಚಿತ್ರಕ್ಕೆ ಸೇರಿಸಿ, ಉಳಿದ ದೃಶ್ಯಗಳಿಗೆ ಹೆಂಡತಿಯ ಬೆನ್ನುಮೂಳೆ ಚಿಕಿತ್ಸಕನನ್ನು ಕರೆತಂದ. ಆತನಿಗೂ ಲುಗೋಸಿಗೂ ಹೋಲಿಕೆಯೇ ಇಲ್ಲ. ನಿಲುವಂಗಿಯನ್ನು ಕಣ್ಣಿನವರೆಗೆ ಎತ್ತಿ ಹಿಡಿದುಕೊಂಡು ನಟಿಸು ಎಂದ. ಇದು ನಿಜವಾಗಿ ನಡೆದದ್ದು. ಇದನ್ನು ಬರೆಯಲು ಎರಡು ದಾರಿ: ದಡ್ಡತನವೆಂದು ನಗುವುದು, ಇಲ್ಲವೇ ಸತ್ತ ಗೆಳೆಯನನ್ನು ಇನ್ನೊಂದು ಸಿನಿಮಾದಲ್ಲಿ ಉಳಿಸಿಕೊಳ್ಳುವ ಹಟವೆಂದು ನೋಡುವುದು. ಇವರು ಎರಡನೆಯದನ್ನು ಹಿಡಿದರು. ನಗು ತಾನಾಗಿ ಬರುತ್ತದೆ, ಆದರೆ ಪಾತ್ರ ತನ್ನನ್ನು ತಾನು ಹಾಸ್ಯಾಸ್ಪದ ಎಂದುಕೊಂಡಿಲ್ಲ. ನನ್ನ ಮಟ್ಟಿಗೆ ಇವರ ಎಲ್ಲ ಬರವಣಿಗೆಯ ಗುಟ್ಟು ಇದೊಂದೇ.

ಚಿತ್ರ ಮುಗಿಯುವುದು ಆ ಕೆಟ್ಟ ಸಿನಿಮಾದ ಅದ್ದೂರಿ ಮೊದಲ ಪ್ರದರ್ಶನದಲ್ಲಿ, ನಾಯಕ ಗೆದ್ದ ಖುಷಿಯಲ್ಲಿ. ನಿಜದಲ್ಲಿ ಅಂಥ ಗೆಲುವು ಅವನಿಗೆ ಸಿಗಲಿಲ್ಲ. ಚಿತ್ರಕ್ಕೆ ಎರಡು ಆಸ್ಕರ್ ಬಂದವು: ಲುಗೋಸಿಯಾಗಿ ನಟಿಸಿದ ಮಾರ್ಟಿನ್ ಲ್ಯಾಂಡೌಗೆ ಒಂದು, ಪ್ರಸಾಧನಕ್ಕೆ ಇನ್ನೊಂದು. ದುಡ್ಡು ಮಾತ್ರ ಬರಲಿಲ್ಲ. ಸುಮಾರು 1.8 ಕೋಟಿ ಡಾಲರ್ ಹಾಕಿ ತೆಗೆದದ್ದು 60 ಲಕ್ಷವನ್ನೂ ಮುಟ್ಟಲಿಲ್ಲ. ವಿಚಿತ್ರ ಮನುಷ್ಯರ ಕಥೆಗೆ ನಿರ್ಮಾಪಕರು ಯಾಕೆ ಹಿಂದೇಟು ಹಾಕುತ್ತಾರೆಂದು ಇದರಿಂದ ಅರ್ಥವಾದೀತು.

ಬದುಕನ್ನು ಕ್ರಯಕ್ಕೆ ಕೊಳ್ಳಬಹುದೇ?

'ಜೀವನ ಹಕ್ಕು ಕೊಂಡುಕೊಂಡರು' ಎಂದು ಸುದ್ದಿಯಲ್ಲಿ ಓದುತ್ತೇವೆ. ಹಾಗೆಂದರೆ ಆ ಮನುಷ್ಯನ ಬದುಕು ನಿರ್ಮಾಪಕನ ಆಸ್ತಿಯಾಯಿತೆಂದಲ್ಲ. ನಡೆದ ಸಂಗತಿಗೆ ಮಾಲೀಕರಿಲ್ಲ. ಪುಸ್ತಕ ಬರೆದವರಿಗೆ ಹಕ್ಕಿರುವುದು ತಾವು ಬರೆದ ರೀತಿಯ ಮೇಲೆ, ಘಟನೆಯ ಮೇಲಲ್ಲ.

ಹಾಗಾದರೆ ಕೊಳ್ಳುವುದೇನು? ಮನೆ ಕಟ್ಟುವಾಗ ಪಕ್ಕದವರಿಂದ ಬರೆಸಿಕೊಳ್ಳುವ ಎನ್‌ಒಸಿ ನೆನಪಿಸಿಕೊಳ್ಳಿ. ಅದು ಕ್ರಯಪತ್ರವಲ್ಲ, ತಕರಾರು ಎತ್ತುವುದಿಲ್ಲ ಎಂಬ ಒಪ್ಪಿಗೆ. ಜೀವನ ಹಕ್ಕಿನ ಕರಾರೂ ಹೆಚ್ಚುಕಡಿಮೆ ಅದೇ. ಮಾನನಷ್ಟ, ಖಾಸಗಿತನ ಎಂದು ಕೋರ್ಟಿಗೆ ಹೋಗುವುದಿಲ್ಲ ಎಂದು ಆ ವ್ಯಕ್ತಿ ಬರೆದುಕೊಡುತ್ತಾರೆ. ಜೊತೆಗೆ ಡೈರಿ, ಪತ್ರ, ಫೋಟೊ, ಬೇರೆಲ್ಲೂ ಹೇಳದ ಮಾತುಗಳು ಬರಹಗಾರರಿಗೆ ಸಿಗುತ್ತವೆ. ಚಿತ್ರಕ್ಕೆ ವಿಮೆ ಮಾಡಿಸುವಾಗ ಕಂಪನಿಯವರು ಈ ಕಾಗದ ಕೇಳುತ್ತಾರೆ.

ಸತ್ತವರ ವಿಷಯಕ್ಕೆ ಬಂದರೆ ಅಮೆರಿಕ ಮತ್ತು ಭಾರತ ಬೇರೆಬೇರೆ. ಅಲ್ಲಿ ಸತ್ತವರ ಪರವಾಗಿ ಮಾನನಷ್ಟದ ದಾವೆ ನಿಲ್ಲುವುದಿಲ್ಲ. ನಮ್ಮಲ್ಲಿ, ಕುಟುಂಬದವರ ಮನಸ್ಸು ನೋಯಿಸುವ ಉದ್ದೇಶದಿಂದ ಸತ್ತವರ ಮೇಲೆ ಆರೋಪ ಹೊರಿಸಿದರೆ ಅದೂ ಅಪರಾಧವಾಗಬಹುದು. ಇನ್ನೊಂದೆಡೆ, 1994ರ 'ಆಟೋ ಶಂಕರ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆದಿದೆ. ಜೈಲಿನಲ್ಲಿದ್ದ ಮದ್ರಾಸಿನ ಸರಣಿ ಕೊಲೆಗಾರನ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಪ್ರಕಟಿಸಲು ಹೊರಟಿತ್ತು. ಕೋರ್ಟಿನ ತೀರ್ಮಾನದ ಸಾರ ಇಷ್ಟು: ಸಾರ್ವಜನಿಕ ದಾಖಲೆಗಳಲ್ಲಿ ಇರುವಷ್ಟನ್ನು ಯಾರ ಅನುಮತಿಯೂ ಇಲ್ಲದೆ ಪ್ರಕಟಿಸಬಹುದು, ಅದರಾಚೆ ಹೋದರೆ ಖಾಸಗಿತನದ ಪ್ರಶ್ನೆ ಬರುತ್ತದೆ.

ಸುಲಭದ ಇನ್ನೊಂದು ದಾರಿಯೂ ಇದೆ, ಹೆಸರು ಬದಲಿಸುವುದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಗ್ಗದ ವಿಮಾನ ಹಾರಿಸಿದ ಕಥೆ 2020ರಲ್ಲಿ ತಮಿಳಿನ 'ಸೂರರೈ ಪೋಟ್ರು' ಆದಾಗ, ನಾಯಕ ನೆಡುಮಾರನ್ ರಾಜಾಂಗಂ ಎಂಬ ತಮಿಳು ಹಳ್ಳಿಯ ಯುವಕನಾದ. 'ಆಧರಿಸಿದೆ' ಮತ್ತು 'ಪ್ರೇರಿತ' ಎಂಬ ಎರಡು ಪದಗಳ ನಡುವಿನ ಜಾಗ ಅಷ್ಟು ಅಗಲ.

ಎಲ್ಲಿ ಬಗ್ಗಿಸುತ್ತಾರೆ, ಎಲ್ಲಿ ಬಿಡುತ್ತಾರೆ

ನಿಜ ಕಥೆಯನ್ನು ಎರಡು ಗಂಟೆಗೆ ಇಳಿಸುವಾಗ ಬರಹಗಾರರು ಮಾಡುವ ಕೈಚಳಕಗಳಲ್ಲಿ ಮುಖ್ಯವಾದದ್ದು ಹಲವರನ್ನು ಒಬ್ಬರಾಗಿಸುವುದು. 1996ರ 'ದಿ ಪೀಪಲ್ ವರ್ಸಸ್ ಲ್ಯಾರಿ ಫ್ಲಿಂಟ್' ನೋಡಿ. ಫ್ಲಿಂಟ್ ಅಶ್ಲೀಲ ಪತ್ರಿಕೆಯೊಂದರ ಮಾಲೀಕ, ಮೆಚ್ಚುವಂಥ ಮನುಷ್ಯ ಅಲ್ಲವೇ ಅಲ್ಲ. ಜೆರ್ರಿ ಫಾಲ್ವೆಲ್ ಎಂಬ ಪ್ರಸಿದ್ಧ ಧರ್ಮಬೋಧಕನನ್ನು ಲೇವಡಿ ಮಾಡಿ ಅಣಕು ಜಾಹೀರಾತು ಹಾಕಿದ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1988ರಲ್ಲಿ ಎಂಟಕ್ಕೆ ಎಂಟೂ ನ್ಯಾಯಮೂರ್ತಿಗಳು ಅವನ ಪರ ತೀರ್ಪು ಕೊಟ್ಟರು. ಅಲ್ಲಿನ ವ್ಯಂಗ್ಯಚಿತ್ರಕಾರರಿಗೆ, ಹಾಸ್ಯಗಾರರಿಗೆ ಇವತ್ತಿಗೂ ರಕ್ಷಣೆಯಾಗಿರುವ ತೀರ್ಪು ಅದು. ಸಜ್ಜನನೊಬ್ಬನ ಕಥೆಯಲ್ಲಿ ವಾಕ್ ಸ್ವಾತಂತ್ರ್ಯದ ಪ್ರಶ್ನೆ ಇಷ್ಟು ಚುರುಕಾಗಿ ಏಳುತ್ತಿರಲಿಲ್ಲ.

ಚಿತ್ರದಲ್ಲಿ ಫ್ಲಿಂಟ್‌ಗೆ ಉದ್ದಕ್ಕೂ ಅಲನ್ ಐಸಾಕ್‌ಮನ್ ಎಂಬ ಒಬ್ಬನೇ ವಕೀಲ. 1978ರಲ್ಲಿ ಜಾರ್ಜಿಯಾದಲ್ಲಿ ಫ್ಲಿಂಟ್ ಮೇಲೆ ಗುಂಡು ಹಾರಿದಾಗ ಜೊತೆಗೆ ಗಾಯಗೊಳ್ಳುವವನೂ ಅವನೇ. ನಿಜದಲ್ಲಿ ಐಸಾಕ್‌ಮನ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರು. ಗುಂಡು ತಗಲಿದ್ದು ಬೇರೊಬ್ಬ ಸ್ಥಳೀಯ ವಕೀಲನಿಗೆ. ಹಲವು ವಕೀಲರನ್ನು ಒಂದು ಪಾತ್ರಕ್ಕೆ ತುಂಬಿದ್ದಾರೆ. ಯಾಕೆಂದರೆ ಊರಿಗೊಬ್ಬ ವಕೀಲ ಬರುತ್ತಾ ಹೋದರೆ ನಮಗೆ ಯಾರ ಮೇಲೂ ಮಮತೆ ಹುಟ್ಟುವುದಿಲ್ಲ. ಈ ಚಿತ್ರಕಥೆಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು.

ಬಿಟ್ಟುಬಿಡುವುದೂ ಒಂದು ಬಗೆಯ ತಿರುಚುವಿಕೆ. 'ಎಡ್ ವುಡ್'ನಲ್ಲಿ ಲುಗೋಸಿ ಒಂಟಿ ಜೀವ. ನಿಜದಲ್ಲಿ ಸಾಯುವಾಗ ಅವನಿಗೆ ಹೆಂಡತಿ ಇದ್ದಳು, ಬೆಳೆದ ಮಗನೂ ಇದ್ದ; ಆ ಮಗ ಚಿತ್ರದ ಬಗ್ಗೆ ಬೇಸರವನ್ನೂ ಹೇಳಿಕೊಂಡ. ಅದೇ ಚಿತ್ರದಲ್ಲಿ ವುಡ್ ತನ್ನ ಆರಾಧ್ಯ ನಿರ್ದೇಶಕ ಆರ್ಸನ್ ವೆಲ್ಸ್‌ನನ್ನು ಬಾರ್‌ನಲ್ಲಿ ಭೇಟಿಯಾಗುವ ಸೊಗಸಾದ ದೃಶ್ಯವಿದೆ. ಅದು ಪೂರಾ ಕಟ್ಟುಕಥೆ. ಇಂಥದ್ದನ್ನು ಮೆಚ್ಚಬೇಕೋ ಬೇಡವೋ ಎಂಬುದರಲ್ಲಿ ನೋಡುಗರು ಒಂದಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಈ ತಂಟೆಯನ್ನು ಇವರು ತಮಾಷೆಯಾಗಿಯೇ ಒಪ್ಪಿಕೊಂಡದ್ದೂ ಉಂಟು. 1999ರ 'ಮ್ಯಾನ್ ಆನ್ ದಿ ಮೂನ್' 35ನೇ ವಯಸ್ಸಿಗೇ ತೀರಿಕೊಂಡ ವಿಚಿತ್ರ ಹಾಸ್ಯಗಾರ ಆ್ಯಂಡಿ ಕಾಫ್‌ಮನ್‌ನ ಕಥೆ. ಚಿತ್ರ ಶುರುವಾಗುವಾಗಲೇ ಆ್ಯಂಡಿ ಪಾತ್ರಧಾರಿ ಜಿಮ್ ಕ್ಯಾರಿ ಕ್ಯಾಮೆರಾ ಮುಂದೆ ಬಂದು, ನನ್ನ ಬದುಕಿನ ಮುಖ್ಯ ಸಂಗತಿಗಳನ್ನೆಲ್ಲ ಇವರು ನಾಟಕಕ್ಕೆ ಬೇಕಾದಂತೆ ಅದಲುಬದಲು ಮಾಡಿದ್ದಾರೆ ಎಂದು ಗೊಣಗಿ, ಸಿನಿಮಾ ಮುಗಿಯಿತು ಹೋಗಿ ಎಂದು ಹೆಸರುಗಳನ್ನು ಓಡಿಸಿಬಿಡುತ್ತಾನೆ.

ಗೊತ್ತಿರುವ ತೀರ್ಪು

ಕೊನೆ ಎಲ್ಲರಿಗೂ ಗೊತ್ತಿದ್ದರೆ ಕುತೂಹಲ ಎಲ್ಲಿಂದ ತರುವುದು? ಹೆಂಡತಿಯಾಗಿದ್ದವಳನ್ನೂ ಆಕೆಯ ಪರಿಚಿತನನ್ನೂ ಕೊಂದ ಆರೋಪ ಹೊತ್ತಿದ್ದ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್‌ನನ್ನು 1995ರ ಅಕ್ಟೋಬರ್ 3ರಂದು ಬಿಡುಗಡೆ ಮಾಡಿದ್ದನ್ನು ಇಡೀ ಅಮೆರಿಕ ಟಿವಿಯಲ್ಲಿ ನೋಡಿತ್ತು. 2016ರಲ್ಲಿ ಈ ಜೋಡಿ ಅದನ್ನೇ ಹತ್ತು ಕಂತಿನ ಸರಣಿ ಮಾಡಿತು. ಸಿಂಪ್ಸನ್‌ನನ್ನು ಬದಿಗಿಟ್ಟು ಸರ್ಕಾರಿ ವಕೀಲರು, ಅವನ ಪರ ವಕೀಲರು, ತಿಂಗಳುಗಟ್ಟಲೆ ಹೋಟೆಲಿನಲ್ಲಿ ಕೂಡಿಹಾಕಲ್ಪಟ್ಟ ಜ್ಯೂರಿಗಳ (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ) ಕಡೆ ದೀಪ ತಿರುಗಿಸಿದರು. ಸರ್ಕಾರಿ ವಕೀಲೆ ಮಾರ್ಸಿಯಾ ಕ್ಲಾರ್ಕ್ ಅವರ ಕೂದಲ ಬಗ್ಗೆ ಆಗ ದೇಶವೆಲ್ಲ ಆಡಿಕೊಂಡಿತ್ತು. ಆ ನಗೆ ಅವರಿಗೆ ಹೇಗೆ ತಟ್ಟಿತೆಂದು ಸರಣಿ ತೋರಿಸಿತು. ಟಿವಿ ಲೋಕದ ಎಮ್ಮಿ ಪ್ರಶಸ್ತಿಗೆ 22 ನಾಮನಿರ್ದೇಶನ, 9 ಗೆಲುವು. ಮಾರ್ಸಿಯಾ ಕಂತಿಗೆ ಬರವಣಿಗೆಯ ಎಮ್ಮಿ ಬಂದದ್ದು ಮಾತ್ರ ತಂಡದ ಇನ್ನೊಬ್ಬ ಬರಹಗಾರನಿಗೆ. ಸರಣಿ ಕೆಲಸದಲ್ಲಿ ಜೋಡಿಯೂ ಒಂದು ದೊಡ್ಡ ಗುಂಪಿನ ಭಾಗ.

53 ನಿಮಿಷ

ಕೆಲವೊಮ್ಮೆ ಏನನ್ನೂ ಕಟ್ಟಬೇಕಾಗಿ ಬರುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಮನೆಮನೆಯ ಗೋಡೆಯ ಮೇಲೂ ದೊಡ್ಡ ಕಣ್ಣಿನ, ಅಳುಮುಖದ ಮಕ್ಕಳ ಚಿತ್ರಗಳು. ಬರೆದವನು ವಾಲ್ಟರ್ ಕೀನ್ ಎಂದೇ ಎಲ್ಲರೂ ನಂಬಿದ್ದರು. ನಿಜವಾಗಿ ಬರೆಯುತ್ತಿದ್ದವಳು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ ಹೆಂಡತಿ ಮಾರ್ಗರೆಟ್. ಬೇರೆಯಾದ ಮೇಲೆ ಆಕೆ ಸತ್ಯ ಹೇಳಿದರೂ ವಾಲ್ಟರ್ ತನ್ನದೇ ಎಂದು ವಾದಿಸಿದ. 1986ರಲ್ಲಿ ಹವಾಯಿಯ ಹೊನೊಲುಲು ಕೋರ್ಟಿನಲ್ಲಿ ಪ್ರಕರಣ ನಿಂತಿತು. ಇಬ್ಬರೂ ಇಲ್ಲೇ ಬರೆದು ತೋರಿಸಿ ಎಂದು ನ್ಯಾಯಾಧೀಶರು ಹೇಳಿದರು. ವಾಲ್ಟರ್ ಭುಜ ನೋವು ಎಂದ. ಮಾರ್ಗರೆಟ್ ಜ್ಯೂರಿಗಳ ಮುಂದೆ 53 ನಿಮಿಷದಲ್ಲಿ ಒಂದು ಚಿತ್ರ ಬರೆದು ಮುಗಿಸಿದಳು. ಜ್ಯೂರಿ 40 ಲಕ್ಷ ಡಾಲರ್ ಪರಿಹಾರ ಹೇಳಿತು.

ಇಂಥ ದೃಶ್ಯವನ್ನು ಯಾವನಾದರೂ ಕಾದಂಬರಿಕಾರ ಬರೆದಿದ್ದರೆ ಸಂಪಾದಕರು 'ಅತಿಯಾಯಿತು' ಎಂದು ಹೊಡೆದುಹಾಕುತ್ತಿದ್ದರು. ಇದನ್ನು 'ಬಿಗ್ ಐಸ್' ಎಂಬ ಚಿತ್ರಕಥೆ ಮಾಡಿದ ಜೋಡಿ ತಾವೇ ನಿರ್ದೇಶಿಸಬೇಕೆಂದು ವರ್ಷಗಟ್ಟಲೆ ಕಾದರು. ಕೊನೆಗೆ ಟಿಮ್ ಬರ್ಟನ್ ನಿರ್ದೇಶನದಲ್ಲಿ 2014ರಲ್ಲಿ ತೆರೆಕಂಡಿತು. ಎಡ್ಡಿ ಮರ್ಫಿಯ 'ಡೋಲಮೈಟ್ ಈಸ್ ಮೈ ನೇಮ್' ಕೂಡ ಹೀಗೇ ಕಾದದ್ದು. ಸ್ವಂತ ದುಡ್ಡು ಸುರಿದು ಸಿನಿಮಾ ತೆಗೆದ ಹಾಸ್ಯಗಾರ ರೂಡಿ ರೇ ಮೂರ್ ಬದುಕಿದ್ದಾಗಲೇ ಆ ಮಾತು ಶುರುವಾಗಿತ್ತು. ಆತ 2008ರಲ್ಲಿ ತೀರಿಕೊಂಡ, ಸಿನಿಮಾ ಬಂದದ್ದು 2019ಕ್ಕೆ.

ಬದುಕಿದ್ದವರಿಗೆ ಇವರ ಚಿತ್ರಗಳಲ್ಲಿ ಒಂದು ಮೂಲೆ ಸಿಕ್ಕಿದೆ. 1977ರಲ್ಲಿ ಫ್ಲಿಂಟ್‌ಗೆ 7ರಿಂದ 25 ವರ್ಷ ಜೈಲು ವಿಧಿಸಿದ ನ್ಯಾಯಾಧೀಶನ ಪಾತ್ರದಲ್ಲಿ, ಆ ಶಿಕ್ಷೆಯನ್ನು ಓದಿ ಹೇಳುವವನು ಸ್ವತಃ ಲ್ಯಾರಿ ಫ್ಲಿಂಟ್. 'ಬಿಗ್ ಐಸ್'ನಲ್ಲಿ ಮಾರ್ಗರೆಟ್ ಪಾತ್ರದ ಏಮಿ ಆ್ಯಡಮ್ಸ್ ಪಾರ್ಕಿನಲ್ಲಿ ಚಿತ್ರ ಬರೆಯುವಾಗ, ಹಿಂದೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿರುತ್ತಾರೆ. ಅವರೇ ಮಾರ್ಗರೆಟ್ ಕೀನ್.